ಸುತ್ತಕ್ಕೊಂದು ಟೇಪು, ಉದ್ದಕ್ಕೊಂದು ಟೇಪು

"೧೯೮೨ನೇ ಇಸವಿ ಜುಲೈ ೧೭, ಶನಿವಾರ. ಮೋಡ. ಸುತ್ತಳತೆ, ತೋಳಿನ ಕೆಳಗೆ, ಮೂವತ್ತನಾಲ್ಕು ಇಂಚು. ತಂಗಿ ನನ್ನನ್ನು ಕೇಳದೆ ಟೇಪು ತೆಗೆದುಕೊಂಡು, ಹಗ್ಗದಂತೆ ಕಟ್ಟಿ, ಅದರ ಮೇಲೆ ಒದ್ದೆ ಹೊದಿಕೆ ಒಣಹಾಕಿದ್ದಾಳೆ. ಬೈದೆ."

ನನ್ನ ಹಳೆಯ ದಿನಚರಿಯ ಈ ನಾಲ್ಕು ಮಾತು ಮುಂದೊಂದು ದಿನ ಪರದೇಶದ ಅಳತೆ ಕಾಯಿದೆಗೆ ಆಧಾರವಾಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಕ್ಷರವನ್ನು ಇನ್ನೂ ದುಂಡಗೆ ಬರೆಯುತ್ತಿದ್ದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಂಗಸು ನಾನು. ವಿಷಯ ಸಂಖ್ಯಾಶಾಸ್ತ್ರ, ದರ್ಜೆ ಪ್ರಥಮ. ಆ ಟೇಪನ್ನು ಕಾಲೇಜಿನ ಸಹಕಾರ ಮಳಿಗೆಯಲ್ಲೇ ಕೊಂಡದ್ದು. ಅಂದಿನಿಂದ ಪ್ರತಿ ವರ್ಷ ಜುಲೈ ಹದಿನೇಳರ ಬೆಳಗ್ಗೆ ಏಳು ಗಂಟೆಗೆ, ಕಾಫಿಗೆ ಮುಂಚೆ, ಅದೇ ಟೇಪಿನಿಂದ ನನ್ನ ಸುತ್ತಳತೆ ತೆಗೆದು ಒಂದು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮೂರು ಹೆರಿಗೆ, ಇಬ್ಬರು ಸೊಸೆಯಂದಿರು, ನಾಲ್ಕು ಮೊಮ್ಮಕ್ಕಳು, ಒಂದು ಮಂಡಿ ಚಿಕಿತ್ಸೆ, ಇಷ್ಟೆಲ್ಲ ಆದರೂ ನಲವತ್ತೆರಡು ನಮೂದುಗಳಲ್ಲಿ ಒಂದೇ ಸಂಖ್ಯೆ: ಮೂವತ್ತನಾಲ್ಕು. ಇದಕ್ಕೆ ನನ್ನ ಶಿಸ್ತು ಕಾರಣ. ಅಳೆಯುವುದಕ್ಕೂ ಒಂದು ಕ್ರಮವಿದೆ. ಉಸಿರು ಪೂರ್ತಿ ಹೊರಗೆ ಬಿಡಬೇಕು, ಬಾಗಿಲ ಚೌಕಟ್ಟಿಗೆ ಒಂದು ಕಾಲು ಕೊಟ್ಟು ನಿಲ್ಲಬೇಕು, ಟೇಪು ಹೇಳಬೇಕಾದ್ದನ್ನು ಹೇಳುವವರೆಗೆ ಎಳೆಯಬೇಕು. ಸಡಿಲ ಬಿಟ್ಟು ಅಳೆದರೆ ಅದು ಅಳತೆಯಲ್ಲ, ಅಂದಾಜು.

ನಮ್ಮ ಟೈಲರಿಗೆ ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುವುದು ನನ್ನ ಪದ್ಧತಿ. ಅವನು ಚೀಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ನಿಮ್ಮ ಮೂವತ್ತನಾಲ್ಕೇ ತಾನೇ ಅಮ್ಮಾ?" ಎಂದು ಕೇಳಿ, ಜೋಪಾನವಾಗಿ ಡ್ರಾಯರಿನಲ್ಲಿಟ್ಟು, ಆಮೇಲೆ ತನ್ನ ಟೇಪು ತೆಗೆಯುತ್ತಿದ್ದ. ಅದು ಅವನ ಅಭ್ಯಾಸ. ಅವನು ಹೊಲಿದ ಬಟ್ಟೆ ಒಂದು ದಿನವೂ ಬಿಗಿಯಾದದ್ದಿಲ್ಲ.

ಈಗ ತಂಗಿಯ ವಿಷಯ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಪರದೇಶದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಈಜುಕೊಳದಲ್ಲಿ ಅವಳ ಕೈಗಡಿಯಾರಕ್ಕೆ ಪದೇ ಪದೇ ನೀರು ಹೋಗುತ್ತಿತ್ತು. ಅದನ್ನು ಹನ್ನೊಂದು ಸಲ ಒಬ್ಬರೇ ಗಡಿಯಾರ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದಳು. ಹನ್ನೊಂದನೇ ಸಲ ಅವರು, "ಇದು ಇನ್ನು ನಡೆಯೋಲ್ಲ. ನಾವು ಮದುವೆ ಆಗೋಣವಾ?" ಎಂದರಂತೆ. ಅವಳಿಗೆ ಐವತ್ತೇಳು, ಅವರಿಗೆ ಅರವತ್ತೆರಡು. ನನ್ನ ಒಪ್ಪಿಗೆ ಕೇಳಿದಳು. ಎರಡು ವಾರ ಯೋಚಿಸಿ ಕೊಟ್ಟೆ.

ಆ ದೇಶದ ಮದುವೆ ನೋಂದಣಿ ಕಚೇರಿಯಲ್ಲಿ ಒಂದು ನಿಯಮವಿದೆ. ಹಿಂದೊಮ್ಮೆ ಒಬ್ಬ ಮದುಮಗ ತನ್ನ ಕೋಟು ಹಾಕಿಸಿ ತನ್ನ ಅಣ್ಣನನ್ನು ಕಳಿಸಿದ್ದನಂತೆ. ಅಣ್ಣನೇ ಮದುವೆಯಾಗಿ ಹೋದ. ಅಂದಿನಿಂದ ವಧು, ವರ, ಸಾಕ್ಷಿ ಮೂವರೂ ಮೂರು ತಿಂಗಳು ಮೊದಲೇ ಅರ್ಜಿಯಲ್ಲಿ ತಮ್ಮ ಸುತ್ತಳತೆ ಬರೆದು ಕೊಡಬೇಕು. ಮದುವೆಯ ದಿನ ಅರ್ಜಿಯ ಸಂಖ್ಯೆ, ಉಡುಪಿನ ಒಳಗಿನ ಚೀಟಿಯ ಸಂಖ್ಯೆ, ದೇಹದ ಸಂಖ್ಯೆ, ಮೂರೂ ಒಂದೇ ಆಗಿರಬೇಕು. ಮೂರು ಸಲ ತಪ್ಪಿದರೆ ಆ ಜೋಡಿಯ ಕಡತವನ್ನು ಶಾಶ್ವತವಾಗಿ ಮುಚ್ಚಲಾಗುತ್ತದೆ. ನಿಯಮ ನನಗೆ ಬಹಳ ಹಿಡಿಸಿತು.

ತಂಗಿಯದು ಆಗಲೇ ಎರಡು ಸಲ ತಪ್ಪಿತ್ತು. ಸಾಕ್ಷಿ ಈಜುಕೊಳದ ಕಾವಲುಗಾರ. ಮೊದಲ ಸಲ ಅರ್ಜಿ ಹಾಕಿದ ಮೇಲೆ ಮೂರು ತಿಂಗಳಲ್ಲಿ ದಪ್ಪಗಾದ. ಎರಡನೇ ಸಲ ಆ ಹೆದರಿಕೆಗೇ ಊಟ ಬಿಟ್ಟು ಸಣ್ಣಗಾದ. ಆಗ ತಂಗಿ ನನಗೆ ಫೋನ್ ಮಾಡಿದಳು.

"ಅಕ್ಕಾ, ನಲವತ್ತೆರಡು ವರ್ಷದಿಂದ ಬದಲಾಗದೇ ಇರೋ ಒಂದೇ ಒಂದು ವಸ್ತು ನನಗೆ ಗೊತ್ತಿರೋದು ನೀನು. ಸಾಕ್ಷಿಗೆ ಬಾರೇ."

"ವಸ್ತು ಅಂದ್ಯಾ?"

"ದಾಖಲೆ ಅಂದೆ."

ಹೊರಟೆ. ಸೋಮವಾರ ಇಳಿದೆ. ಟೈಲರು ಹೊಲಿದು, ಒಳಗೆ ಮೂವತ್ತನಾಲ್ಕು ಎಂಬ ಚೀಟಿ ಹಾಕಿದ್ದ ಕೋಟು ಸೂಟ್‌ಕೇಸಿನಲ್ಲಿತ್ತು. ಸೂಟ್‌ಕೇಸು ಬೇರೊಂದು ದೇಶಕ್ಕೆ ಹೋಗಿತ್ತು. ರಟ್ಟಿನ ಪುಸ್ತಕ ಮತ್ತು ಟೇಪು ಕೈಚೀಲದಲ್ಲಿದ್ದವು. ಅವನ್ನು ನಾನು ಸೂಟ್‌ಕೇಸಿಗೆ ನಂಬಿ ಕೊಡುವವಳಲ್ಲ. ಮದುವೆ ಶುಕ್ರವಾರ ಹನ್ನೊಂದಕ್ಕೆ. ಮಂಗಳವಾರ ಬೆಳಗ್ಗೆ ಕೋಟು ಕೊಳ್ಳಲು ಹೊರಟೆವು.

ಅದು ಆರು ಮಹಡಿಯ ಬಟ್ಟೆ ಅಂಗಡಿ. ಅಲ್ಲಿನವರ ಮಾತನ್ನು ತಂಗಿ ನನಗೆ, ನನ್ನ ಮಾತನ್ನು ಅವರಿಗೆ ಹೇಳುತ್ತಿದ್ದಳು. ಕೆಳಮಹಡಿಯಲ್ಲಿ ಮಾರಾಟದ ಹುಡುಗಿಯೊಬ್ಬಳು ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದಳು. ಬಂದವಳೇ ನನ್ನ ಸುತ್ತ ಟೇಪು ಹಾಯಿಸಿ, "ನಲವತ್ತು" ಎಂದಳು.

"ಏನು ನಲವತ್ತು?"

"ನಿಮ್ಮ ಸುತ್ತಳತೆ ಮೇಡಂ."

"ಅದು ನನ್ನದಲ್ಲ" ಎಂದೆ. ಸಮಾಧಾನವಾಗಿಯೇ ಹೇಳಿದೆ.

ಅವಳಿಗೂ ಬೇಸರವಾಗಲಿಲ್ಲ. "ನಲವತ್ತು ಬೇಡ ಅಂದ್ರೆ ಮೇಲೆ ಹೋಗೋಣ" ಎಂದು ಎಸ್ಕಲೇಟರ್ ಹತ್ತಿಸಿದಳು. ಮೊದಲನೇ ಮಹಡಿಯಲ್ಲಿ ನನಗೆ ಸರಿಹೋದ ಕೋಟಿನ ಮೇಲೆ ಐವತ್ತು ಎಂದಿತ್ತು. ಎರಡನೆಯದರಲ್ಲಿ ಹದಿನೆಂಟು. ಮೂರನೆಯದರಲ್ಲಿ ಸಂಖ್ಯೆಯೇ ಇಲ್ಲ, ಬರೀ ಎಕ್ಸ್ ಎಲ್. ನಾಲ್ಕನೆಯದರಲ್ಲಿ ಆಟದ ಉಡುಪು. ಅಲ್ಲಿ ನಾನು ಇಬ್ಬರು ಗಂಡು ಹುಡುಗರ ನಡುವೆ ಎಲ್ಲೋ ಬರುತ್ತೇನೆ ಎಂದರು. ಅರ್ಧ ಗಂಟೆಯಲ್ಲಿ, ಒಂದು ತುತ್ತೂ ತಿನ್ನದೆ, ನಾನು ಐದು ಜನರಾಗಿದ್ದೆ.

"ಒಂದೊಂದು ಮಹಡೀಲಿ ಒಂದೊಂದು ದೇಶದ ಸರಕು ಮೇಡಂ. ಅವರವರ ಲೆಕ್ಕ ಅವರವರಿಗೆ" ಎಂದು ಹುಡುಗಿ ವಿವರಿಸಿದಳು.

"ಮತ್ತೆ ಆರನೇ ಮಹಡಿ?"

"ಅಲ್ಲಿ ಎಲ್ಲರೂ ಮೂವತ್ತನಾಲ್ಕೇ."

"ಎಲ್ಲರೂ ಅಂದ್ರೆ?"

"ಯಾರು ಬಂದ್ರೂ. ಹೋದ ವಾರ ಒಬ್ಬರು ಎರಡು ಬಾಗಿಲೂ ತೆಗೆಸಿಕೊಂಡು ಒಳಗೆ ಬಂದರು. ಅವರೂ ಮೂವತ್ತನಾಲ್ಕೇ."

ಬೆಲೆ ಕೇಳಿದೆ. ಹೇಳಿದಳು. ಆ ಹಣಕ್ಕೆ ನಮ್ಮಲ್ಲಿ ನಾಲ್ಕು ಚಕ್ರದ ವಾಹನ ಬರುತ್ತದೆ, ಗಾಳಿಯನ್ನೂ ತುಂಬಿಸಿ ಕೊಡುತ್ತಾರೆ.

"ಬೆಲೆ ಏರಿದ ಹಾಗೆ ಸೈಜು ಇಳಿಯುತ್ತೆ ಮೇಡಂ, ಎಲ್ಲ ಕಡೆ ಹಾಗೇ. ಅಷ್ಟು ಕೊಟ್ಟ ಮೇಲೂ ದಪ್ಪ ಇರಿ ಅಂದ್ರೆ ಯಾರು ಕೇಳ್ತಾರೆ ಹೇಳಿ?" ಎಂದಳು. ಅವಳ ತರ್ಕದಲ್ಲಿ ದೋಷವಿರಲಿಲ್ಲ.

ನಾನು ಕೈಚೀಲದಿಂದ ನನ್ನ ಟೇಪು ತೆಗೆದೆ. ಅಂಗಡಿಯ ಬಾಗಿಲ ಚೌಕಟ್ಟಿಗೆ ಕಾಲು ಕೊಟ್ಟು, ಉಸಿರು ಬಿಟ್ಟು, ಎಲ್ಲರೆದುರು ಎಳೆದು ತೋರಿಸಿದೆ. ಮೂವತ್ತನಾಲ್ಕು. ಮಹಡಿಯ ಮೇಲ್ವಿಚಾರಕ ಓಡಿ ಬಂದ. ಎರಡೂ ಟೇಪುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿದ. ಎರಡರ ಮೇಲೂ ಅರವತ್ತು ಇಂಚು ಎಂದೇ ಬರೆದಿತ್ತು. ನನ್ನದು ಅವನದಕ್ಕಿಂತ ಒಂದು ಗೇಣಿಗೂ ಹೆಚ್ಚು ಉದ್ದವಾಗಿತ್ತು.

"ಇದು ಹಿಗ್ಗಿದೆ" ಎಂದ ಮೇಲ್ವಿಚಾರಕ.

"ಅಥವಾ ನಿಮ್ಮದು ಕುಗ್ಗಿದೆ" ಎಂದೆ.

"ಅಕ್ಕಾ" ಎಂದಳು ತಂಗಿ, ದನಿ ತಗ್ಗಿಸಿ. "ಹಿಗ್ಗಿದೆ ಕಣೇ. ಹಾಸ್ಟೆಲಲ್ಲಿ ನಾನು ಅದರ ಮೇಲೆ ಹೊದಿಕೆ ಒಣಹಾಕ್ತಿದ್ದೆ. ಸಾಲದ್ದಕ್ಕೆ ನೀನು ವರ್ಷಾವರ್ಷ ಎತ್ತು ಎಳೆದ ಹಾಗೆ ಎಳೀತೀಯ. ಪಾಪ, ಬಟ್ಟೆ ಟೇಪು, ಅದೂ ಎಷ್ಟು ಅಂತ ತಡಕೊಳ್ಳುತ್ತೆ?"

"ನಿನ್ನ ಅಭಿಪ್ರಾಯ ಬರೆದುಕೊಂಡಿದ್ದೇನೆ" ಎಂದೆ. ಬರೆದುಕೊಂಡಿದ್ದೆ ಕೂಡ.

"ಅಯ್ಯೋ, ನೀನು ಫೋನಲ್ಲಿ ಹೇಳಿದ್ದನ್ನೇ ಅರ್ಜಿಯಲ್ಲಿ ತುಂಬಿದೆನಲ್ಲೇ! ಈಗ ತಿದ್ದೋಕೆ ಹೋದ್ರೆ ಮತ್ತೆ ಮೂರು ತಿಂಗಳು, ಅದೂ ತಪ್ಪಿದ ಲೆಕ್ಕಕ್ಕೇ. ಮೂರಾಯ್ತು ಅಂದ್ರೆ ಮುಗೀತು, ಫೈಲು ಮುಚ್ಚುತ್ತಾರೆ. ನಮ್ಮವರು ಪಾಪ ಕೋಟಿಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದಾರೆ."

ಅವಳ ಮುಖ ಸಣ್ಣದಾಯಿತು. ಎಷ್ಟು ಸಣ್ಣದಾಯಿತೆಂದು ಅಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ, ಏಕೆಂದರೆ ಮೇಲ್ವಿಚಾರಕ ಅಷ್ಟರಲ್ಲಿ ಗೋಡೆಯ ಮೇಲಿನ ಫಲಕದ ಏಳನೇ ನಿಯಮ ಓದುತ್ತಿದ್ದ: "ಗ್ರಾಹಕರ ಟೇಪಿಗೂ ಅಂಗಡಿಯ ಟೇಪಿಗೂ ವ್ಯತ್ಯಾಸ ಕಂಡುಬಂದಲ್ಲಿ ಎರಡನ್ನೂ ಅಳತೆ ಕಚೇರಿಗೆ ಹಾಜರುಪಡಿಸತಕ್ಕದ್ದು. ತೀರ್ಪು ಬರುವವರೆಗೆ ಸದರಿ ಗ್ರಾಹಕರಿಗೆ ಸುತ್ತಳತೆ ಇರತಕ್ಕದ್ದಲ್ಲ."

ಹೀಗೆ ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಹನ್ನೆರಡೂವರೆಯವರೆಗೆ ನನಗೆ ಸುತ್ತಳತೆ ಇರಲಿಲ್ಲ. ಊಟಕ್ಕೆ ಕೂತಾಗ ಗಡಿಯಾರದವರು, "ಹಾಗಾದ್ರೆ ಇವತ್ತು ತಿಂದದ್ದು ಯಾರ ಲೆಕ್ಕಕ್ಕೂ ಬರಲ್ಲ, ಇನ್ನೊಂದು ಸ್ವಲ್ಪ ಹಾಕಿಸಿಕೊಳ್ಳಿ" ಎಂದರು. ಅವರು ಕಡಿಮೆ ಮಾತಿನವರು. ಆದರೂ ಆ ಮಾತಿಗೆ ನಾನು ಎರಡು ಸಲ ಹಾಕಿಸಿಕೊಂಡೆ, ಮತ್ತು ಎರಡು ವಾರ ಯೋಚಿಸಿ ಕೊಟ್ಟ ಒಪ್ಪಿಗೆ ಸರಿಯಾದದ್ದೇ ಎಂದುಕೊಂಡೆ.

ಅಳತೆ ಕಚೇರಿ ಒಂದು ಎತ್ತರದ ಕೋಣೆ. ಗಾಜಿನ ಕಪಾಟಿನಲ್ಲಿ ಹಿತ್ತಾಳೆ ತೂಕದ ಬಟ್ಟುಗಳು, ಒಂದು ಕಬ್ಬಿಣದ ಸಲಾಕೆ, ಮೊಳೆಗೆ ನೇತುಹಾಕಿದ ಒಂದು ಟೇಪು. ಅಧಿಕಾರಿ ದೊಡ್ಡ ಹೊಟ್ಟೆಯ ಸಂಭಾವಿತ ಮನುಷ್ಯ. ಅರ್ಜಿ ಶುಲ್ಕ ಕಟ್ಟಿಸಿಕೊಂಡು, ಎರಡೂ ಟೇಪು ನೋಡಿ ಕೇಳಿದರು, "ಅಂಗಡಿ ಟೇಪು ಯಾವುದನ್ನ ನೋಡಿ ಮಾಡಿದ್ದು?"

"ನಿಮ್ಮದೇ ಆ ಮೊಳೆ ಟೇಪು ನೋಡಿ ಸಾರ್" ಎಂದ ಮೇಲ್ವಿಚಾರಕ.

"ಮೊಳೆ ಟೇಪು ಸರಿಯಾಗಿದೆ ಅನ್ನೋದಕ್ಕೆ ದಾಖಲೆ?"

ಇದನ್ನು ಅವರು ತಮ್ಮ ಗುಮಾಸ್ತೆಗೆ ಕೇಳಿದ್ದು. ಗುಮಾಸ್ತೆ ಎದ್ದು ನಿಂತು, "ಕಚೇರಿ ಸ್ಥಳಾಂತರ ಆದಾಗ ರಿಜಿಸ್ಟರು ಸ್ಥಳಾಂತರ ಆಗಲಿಲ್ಲ ಸಾರ್" ಎಂದರು.

"ಯಾವಾಗ ಆದದ್ದು?"

"ಅದು ಆ ರಿಜಿಸ್ಟರಿನಲ್ಲೇ ಇದೆ ಸಾರ್."

ಅಧಿಕಾರಿ ನನ್ನ ಕಡೆ ತಿರುಗಿದರು. "ನಿಮ್ಮ ಟೇಪಿಗೆ ದಾಖಲೆ ಇದೆಯಾ ಮೇಡಂ?"

ನಾನು ರಟ್ಟಿನ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಅವರು ಮೊದಲ ಪುಟ ತೆರೆದರು. ನಲವತ್ತೆರಡು ನಮೂದುಗಳನ್ನೂ ಬೆರಳಿಟ್ಟು ನೋಡಿದರು. ತಂಗಿ ಒಂದೊಂದನ್ನೂ ಅವರ ಭಾಷೆಗೆ ತಂದಳು, ಹೊದಿಕೆಯ ಮಾತನ್ನೂ ಬಿಡಲಿಲ್ಲ. ಕೊನೆಯ ಪುಟ ಮುಗಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದೇ ಟೇಪು. ಒಂದೇ ದೇಹ. ಒಂದೇ ದಿನಾಂಕ. ನಲವತ್ತೆರಡು ವರ್ಷ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ" ಎಂದರು. "ಆ ಕಬ್ಬಿಣದ ಸಲಾಕೆ ಇದೆಯಲ್ಲ ಮೇಡಂ, ಅದು ಬೇಸಿಗೇಲಿ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ. ನಮ್ಮ ದೇಶದಲ್ಲಿ ನಿಮ್ಮಷ್ಟು ಸ್ಥಿರವಾದ ವಸ್ತು ಇನ್ನೊಂದಿಲ್ಲ."

ಇದು ಎರಡನೇ ಸಲ ನನ್ನನ್ನು ವಸ್ತು ಎಂದದ್ದು. ಈ ಸಲ ನಾನು ಆಕ್ಷೇಪಿಸಲಿಲ್ಲ.

ಕಾಯಿದೆಯ ಹನ್ನೊಂದನೇ ಕಲಮು ಸ್ಪಷ್ಟವಾಗಿತ್ತು: ಎರಡು ಟೇಪುಗಳ ನಡುವೆ ವಿವಾದ ಬಂದರೆ ಯಾವುದಕ್ಕೆ ಹೆಚ್ಚು ಕಾಲದ ಎಡೆಬಿಡದ ಲಿಖಿತ ದಾಖಲೆ ಇದೆಯೋ ಅದೇ ಸರಿ. ತೀರ್ಪಿಗೆ ಮುಂಚೆ ಅಧಿಕಾರಿ ಪರೀಕ್ಷೆಗೆಂದು ನನ್ನ ಟೇಪನ್ನು ತಮ್ಮ ಹೊಟ್ಟೆಗೆ ಸುತ್ತಿಕೊಂಡರು. ಬೆಳಗ್ಗೆ ನಲವತ್ತಾರು ಇದ್ದದ್ದು ಮೂವತ್ತೊಂಬತ್ತಾಯಿತು. ಮತ್ತೆ ಅಳೆದರು. ಮೂವತ್ತೊಂಬತ್ತೇ. ಗುಮಾಸ್ತೆಯನ್ನು ಕರೆದು ತೋರಿಸಿದರು. ನಾಲ್ಕನೇ ಸಲ ಅಳೆಯುವಾಗ ಅವರು ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದರು. ಆಮೇಲೆ ಸಹಿ ಹಾಕಿದರು.

ಗುರುವಾರ ಬೆಳಗ್ಗೆ ಊರಿನ ಎಲ್ಲ ಗೋಡೆಗಳ ಮೇಲೆ ಪ್ರಕಟಣೆ ಅಂಟಿಸಿದ್ದರು:

"ಸಮಸ್ತ ನಾಗರಿಕರ ಗಮನಕ್ಕೆ. ಇದುವರೆಗೆ ಬಳಕೆಯಲ್ಲಿದ್ದ ಟೇಪು ಕುಗ್ಗಿದ್ದೆಂದು ದಾಖಲೆಗಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ. ಆದ ಕಾರಣ ನಾಗರಿಕರು ತಾವು ಈವರೆಗೆ ದಪ್ಪಗಿದ್ದೇವೆಂದು ತಿಳಿದಿದ್ದುದು ಇಲಾಖೆಯ ತಪ್ಪೇ ಹೊರತು ನಾಗರಿಕರ ತಪ್ಪಲ್ಲ. ಇಂದಿನಿಂದ ಎಲ್ಲರೂ ಹೊಸ ಟೇಪಿನ ಪ್ರಕಾರ ತೆಳ್ಳಗಿರತಕ್ಕದ್ದು. ಆಗಿರುವ ಮನೋವ್ಯಥೆಗೆ ಇಲಾಖೆ ವಿಷಾದಿಸುತ್ತದೆ."

ಇಲಾಖೆ ಮಧ್ಯರಾತ್ರಿಯಿಂದಲೇ ನನ್ನ ಟೇಪಿನ ನಕಲು ಮಾಡಿಸಿ ಹಂಚಿತ್ತು. ಬೆಳಗ್ಗೆ ಎಂಟಕ್ಕೆ ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು ಅಳೆಯುತ್ತಿದ್ದರು. ಬಸ್ ಚಾಲಕ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ ಪ್ರಯಾಣಿಕರನ್ನೆಲ್ಲ ಅಳೆದ. ತಡವಾಯಿತೆಂದು ಒಬ್ಬರೂ ಗೊಣಗಲಿಲ್ಲ. ಬೇಕರಿಯ ಮುಂದೆ ಸಾಲು ತಿರುವಿನವರೆಗೆ ಇತ್ತು. "ಇಪ್ಪತ್ತು ವರ್ಷ ಕೆನೆ ಮುಟ್ಟಿರಲಿಲ್ಲ, ಸುಮ್ಮಸುಮ್ಮನೆ!" ಎಂದು ಒಬ್ಬ ಮುದುಕಿ ಎರಡೂ ಕೈಯಲ್ಲಿ ತಿನ್ನುತ್ತ ಹೇಳಿದಳು. ದಂತವೈದ್ಯರೊಬ್ಬರು ಬಾಗಿಲಿಗೆ ಬಂದು ನಿಂತು ಕಾರಣವಿಲ್ಲದೆ ಚಪ್ಪಾಳೆ ತಟ್ಟಿದರು.

ವ್ಯಾಪಾರಸ್ಥರೂ ಹಿಂದೆ ಬೀಳಲಿಲ್ಲ. ಪ್ರಯಾಣಿಕರು ತೆಳ್ಳಗಾಗಿರುವುದರಿಂದ ಇಬ್ಬರ ಸೀಟಿನಲ್ಲಿ ಮೂವರು ಕೂರತಕ್ಕದ್ದೆಂದು ಬಸ್ ಕಂಪನಿ ಹತ್ತು ಗಂಟೆಗೆ ತಿಳಿಸಿತು. ಹೋಟೆಲುಗಳಲ್ಲಿ ತಟ್ಟೆ ಚಿಕ್ಕದಾಯಿತು, ತೆಳ್ಳಗಿರುವವರಿಗೆ ಇಷ್ಟು ಸಾಕೆಂದು. ಜನ ಮೂವರು ಮೂವರಾಗಿ ಒತ್ತಿಕೊಂಡು ಕೂತು, ಚಿಕ್ಕ ತಟ್ಟೆಯಲ್ಲಿ ತಿಂದು, ಎಷ್ಟು ಸಲೀಸಾಗಿದೆ ಎಂದು ಹೊಗಳಿದರು.

ತೊಂದರೆ ಬಂದದ್ದು ಹನ್ನೊಂದಕ್ಕೆ. ಯಾರೋ ಹೊಸ ಟೇಪಿನಲ್ಲಿ ಎತ್ತರ ಅಳೆದುಕೊಂಡರು. ಆರಡಿಯ ಪೊಲೀಸರು ಐದಡಿ ಒಂದು ಇಂಚಾದರು. ಎತ್ತರದವರೆಲ್ಲ ಅಳತೆ ಕಚೇರಿಗೆ ಮೆರವಣಿಗೆ ಹೋದರು. ಬಟ್ಟೆ ಅಂಗಡಿಯವರೂ ಸೇರಿಕೊಂಡರು: ಹೊಸ ಇಂಚು ದೊಡ್ಡದು, ಆ ಲೆಕ್ಕದಲ್ಲಿ ಬಟ್ಟೆ ಕತ್ತರಿಸಿ ಕೊಟ್ಟರೆ ನಮಗೇನು ಉಳಿಯಿತು ಎಂದು. ಅಧಿಕಾರಿ ಹನ್ನೆರಡಕ್ಕೆ ತಿದ್ದುಪಡಿ ಹೊರಡಿಸಿದರು: "ಸುತ್ತಕ್ಕೆ ಹೊಸ ಟೇಪು, ಉದ್ದಕ್ಕೆ ಹಳೆ ಟೇಪು. ಒಂದು ವಸ್ತು ಸುತ್ತವೋ ಉದ್ದವೋ ಎಂಬ ಸಂಶಯ ಬಂದಲ್ಲಿ ಮಾಲೀಕರ ಅಪೇಕ್ಷೆಯಂತೆ." ಮೆರವಣಿಗೆ ಜಯಕಾರ ಹಾಕಿ ಚದುರಿತು. ಎಲ್ಲರೂ ಏಕಕಾಲಕ್ಕೆ ತೆಳ್ಳಗೂ ಎತ್ತರವೂ ಆದ ಊರನ್ನು ನಾನು ನೋಡಿದ್ದು ಅದೊಂದೇ.

ಮಧ್ಯಾಹ್ನ ಕೋಟಿಗೆ ಹೋದೆವು. ಕೆಳಮಹಡಿಯಲ್ಲಿ ಹನ್ನೆರಡು ಜನ ಕೂತು ನಲವತ್ತರ ಚೀಟಿ ಕಿತ್ತು ಮೂವತ್ತನಾಲ್ಕರ ಚೀಟಿ ಹೊಲಿಯುತ್ತಿದ್ದರು. ಮಂಗಳವಾರ ನನ್ನದಲ್ಲದಿದ್ದ ನಲವತ್ತರ ಕಂದು ಕೋಟೇ ಈಗ ನನ್ನದಾಗಿತ್ತು. ಗುಂಡಿ ಸುಖವಾಗಿ ಬಿತ್ತು. ಹೊಸ ಚೀಟಿಯ ಕೂಲಿ ಪ್ರತ್ಯೇಕ ಎಂದರು.

"ಆರನೇ ಮಹಡಿ ಗತಿ ಏನಮ್ಮಾ?" ಎಂದು ಮಾರಾಟದ ಹುಡುಗಿಯನ್ನು ಕೇಳಿದೆ.

"ಕೆಳಗೇ ಎಲ್ಲರಿಗೂ ಮೂವತ್ತನಾಲ್ಕು ಸಿಗುವಾಗ ಅಲ್ಲಿಗೆ ಯಾರು ಬರ್ತಾರೆ? ಅದಕ್ಕೆ ಅಲ್ಲಿ ಈಗ ಎಲ್ಲಾನೂ ಅರವತ್ತು. ಅರವತ್ತರ ಕೋಟು ಅಂದ್ರೆ ಈಗ ಭಾರಿ ಗೌರವ ಮೇಡಂ. ಬೆಲೆ ಇನ್ನೂ ಜಾಸ್ತಿ ಮಾಡಿದಾರೆ."

ನೋಡೋಣವೆಂದು ಲಿಫ್ಟು ಹತ್ತಿದೆವು. ಎಂಟು ಜನರಿಗೆ ಮಾತ್ರ ಎಂಬ ಫಲಕದ ಮೇಲೆ ಎಂಟನ್ನು ಹೊಡೆದು ಒಂಬತ್ತು ಎಂದು ಬರೆದಿದ್ದರು. ಒಂಬತ್ತು ಜನ ಹತ್ತಿದೆವು. ಎರಡು ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟು ನಿಂತಿತು. ಅದಕ್ಕೆ ಪ್ರಕಟಣೆ ಮುಟ್ಟಿರಲಿಲ್ಲ. ನಲವತ್ತು ನಿಮಿಷ ಒಳಗಿದ್ದೆವು. ಯಾರೂ ಗಾಬರಿಯಾಗಲಿಲ್ಲ, ಬದಲಿಗೆ ಯಾರೋ ಹಾಡು ಶುರುಮಾಡಿದರು, ಮಿಕ್ಕವರು ಜಾಗವಿಲ್ಲದ ಕಾರಣ ಹುಬ್ಬಿನಲ್ಲೇ ಕುಣಿದರು. ತಂಗಿ ನನ್ನ ಹೆಗಲ ಮೇಲೆ ಗಲ್ಲ ಊರಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಅಕ್ಕಾ, ನೀನು ಬಂದು ನಾಲ್ಕು ದಿನಕ್ಕೆ ಒಂದು ದೇಶಾನೇ ಎಳೆದುಬಿಟ್ಟೆಯಲ್ಲೇ!"

"ಕ್ರಮವಾಗಿ ಎಳೆದರೆ ಏನೂ ಹರಿಯೋಲ್ಲ" ಎಂದೆ.

ಶುಕ್ರವಾರ ಹನ್ನೊಂದು. ನೋಂದಣಿ ಕಚೇರಿಯಲ್ಲಿ ಒಂದು ಉದ್ದ ಮೇಜು, ಹಸಿರು ಹೊದಿಕೆ, ಮೇಜಿನಾಚೆ ಮೊನಚು ಮೂಗಿನ ನೋಂದಣಿ ಅಧಿಕಾರಿಣಿ. ಹೊಸ ಟೇಪಿನ ನಕಲುಗಳೆಲ್ಲ ಖರ್ಚಾಗಿದ್ದರಿಂದ ಅಸಲು ಟೇಪನ್ನು ಒಂದು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಅಳತೆ ಅಧಿಕಾರಿಯೇ ಬಂದಿದ್ದರು. ಮೊದಲು ಸಾಕ್ಷಿ. ಅರ್ಜಿ ಮೂವತ್ತನಾಲ್ಕು, ಚೀಟಿ ಮೂವತ್ತನಾಲ್ಕು, ದೇಹ ಮೂವತ್ತನಾಲ್ಕು. ಅಧಿಕಾರಿಣಿ ಮೂರು ಗುರುತು ಹಾಕಿದರು. ನಾನು ಗಡಿಯಾರದವರ ಕಡೆ ನೋಡಿ ತಲೆದೂಗಿದೆ.

ಆಮೇಲೆ ವಧು. ಅರ್ಜಿ ಮೂವತ್ತೆರಡು. ತಿಂಗಳ ಹಿಂದೆಯೇ ಕೊಂಡ ನೀಲಿ ಉಡುಪಿನ ಚೀಟಿ ಮೂವತ್ತೆರಡು. ಅಧಿಕಾರಿಣಿ ಟೇಪು ಸುತ್ತಿ ಎಳೆದರು.

"ಇಪ್ಪತ್ತೇಳು" ಎಂದರು.

ಇಡೀ ದೇಶ ತೆಳ್ಳಗಾದಾಗ ತಂಗಿಯೂ ತೆಳ್ಳಗಾಗಿರುತ್ತಾಳೆ ಎಂಬುದು, ಸಂಖ್ಯಾಶಾಸ್ತ್ರದಲ್ಲಿ ಪ್ರಥಮ ದರ್ಜೆಯ ನನಗೆ, ಹೊಳೆದಿರಲಿಲ್ಲ. ಇದನ್ನು ನಾನು ಪುಸ್ತಕದಲ್ಲಿಯೂ ಬರೆದಿದ್ದೇನೆ.

"ಅರ್ಜಿಯಲ್ಲಿರೋ ವಧು ಮೂವತ್ತೆರಡು ಇಂಚು" ಎಂದರು ಅಧಿಕಾರಿಣಿ. "ಹಾಜರಾಗಿರೋದು ಇಪ್ಪತ್ತೇಳು. ಉಳಿದ ಐದು ಇಂಚು ವಧು ಎಲ್ಲಿ?"

"ಅದೂ ನಾನೇ" ಎಂದಳು ತಂಗಿ.

"ದಾಖಲೆ ಹಾಗೆ ಹೇಳೋಲ್ಲ." ಅವರು ಕಡತದ ದಾರ ಕೈಗೆತ್ತಿಕೊಂಡರು. ಹಳದಿ ದಾರ, ಮುಚ್ಚಿದ ಕಡತಗಳಿಗೆ ಕಟ್ಟುವಂಥದ್ದು. ಗಡಿಯಾರದವರು ಇಸ್ತ್ರಿ ಹಾಕಿದ ಕೋಟಿನಲ್ಲಿ ನೆಟ್ಟಗೆ ನಿಂತಿದ್ದರು. ಅವರ ಕೈ ಮಾತ್ರ ತಂಗಿಯ ಕೈಗಡಿಯಾರವನ್ನು, ಹನ್ನೊಂದು ಸಲ ರಿಪೇರಿಯಾಗಿ ಕೊನೆಗೂ ನಡೆಯದೇ ಹೋದದ್ದನ್ನು, ಹಿಡಿದುಕೊಂಡಿತ್ತು.

"ಒಂದು ನಿಮಿಷ" ಎಂದರು ಅಳತೆ ಅಧಿಕಾರಿ. "ಟೇಪೇನೋ ಇಲಾಖೆ ವಶದಲ್ಲಿದೆ. ಆದ್ರೆ ಇದನ್ನ ಹಿಡಿಯೋ ವಿಧಾನದ ಬಗ್ಗೆ ಇನ್ನೂ ನಿಯಮ ಆಗಿಲ್ಲ. ನಿಯಮ ಆಗೋವರೆಗೆ ಮೂಲ ಮಾಲೀಕರ ಪದ್ಧತಿಯೇ ಅಂತಿಮ. ಮೇಡಂ, ನೀವೇ ಅಳೀರಿ."

ಟೇಪು ನನ್ನ ಕೈಗೆ ಬಂತು. ನಾನು ತಂಗಿಯ ಬೆನ್ನ ಹಿಂದಿನಿಂದ ಅದನ್ನು ತಂದು ಎರಡೂ ತುದಿ ಹಿಡಿದೆ. ಅವಳು ನನ್ನ ಕಿವಿಯ ಹತ್ತಿರ, ನಗದೆ, ಚಿಕ್ಕಂದಿನ ದನಿಯಲ್ಲಿ ಹೇಳಿದಳು:

"ಅಕ್ಕಾ, ಒಂದೇ ಒಂದು ಸಲ ಎಳೀಬೇಡ್ವೇ."

ನಾನು ಎಳೆಯಲಿಲ್ಲ. ನಲವತ್ತೆರಡು ವರ್ಷದ ಅಭ್ಯಾಸ ಬಿಟ್ಟು ಬೆರಳು ಸಡಿಲಿಸಿದೆ. ಟೇಪು ಅವಳ ಸುತ್ತ ಮಾಲೆಯ ಹಾಗೆ ಜೋಲುಬಿತ್ತು. ಅವಳಿಗೂ ಟೇಪಿಗೂ ನಡುವೆ ಒಂದು ಪುಟ್ಟ ದಿಂಬು ಹಿಡಿಸುವಷ್ಟು ಜಾಗವಿತ್ತು.

"ಮೂವತ್ತೆರಡು" ಎಂದೆ.

ಅಧಿಕಾರಿಣಿ ಬಗ್ಗಿ ನೋಡಿದರು. ಮೂವತ್ತೆರಡೇ. "ಇದು ಯಾವ ಪದ್ಧತಿ? ನಿಮ್ಮನ್ನ ಅಳೆಯುವಾಗ ಎಳೆದಿದ್ರಿ."

"ಸಾಕ್ಷಿಯನ್ನು ಎಳೆದು ಅಳೆಯಬೇಕು. ಮದುವೆಯಾಗುವವರನ್ನು ಸಡಿಲವಾಗಿ ಅಳೆಯಬೇಕು."

"ಇದಕ್ಕೆ ಲಿಖಿತ ದಾಖಲೆ ಇದೆಯಾ?"

ನಾನು ರಟ್ಟಿನ ಪುಸ್ತಕ ತೆರೆದು, ದಿನಾಂಕ ಹಾಕಿ, ಆ ಎರಡು ವಾಕ್ಯಗಳನ್ನು ಬರೆದು, ಕೆಳಗೆ ಗೆರೆ ಎಳೆದೆ. ಶಾಯಿ ಒಣಗಲೆಂದು ಊದಿದೆ.

"ಈಗ ಇದೆ" ಎಂದೆ.

ಅಳತೆ ಅಧಿಕಾರಿ ಅದನ್ನು ಸ್ಥಳದಲ್ಲೇ ನಿಯಮವೆಂದು ಘೋಷಿಸಿ ಮುದ್ರೆ ಒತ್ತಿದರು. ವರನ ಅರ್ಜಿಯಲ್ಲಿ ನಲವತ್ತನಾಲ್ಕು ಎಂದಿತ್ತು. ಅವರ ಸುತ್ತ ಟೇಪು ಎಷ್ಟು ಸಡಿಲವಾಗಿ ಜೋತುಬಿತ್ತೆಂದರೆ ಇನ್ನೊಬ್ಬ ತೆಳ್ಳಗಿನ ವರ ಒಳಗೆ ನಿಲ್ಲಬಹುದಿತ್ತು. ಅಧಿಕಾರಿಣಿ ಎಲ್ಲ ಚೌಕಗಳಲ್ಲೂ ಗುರುತು ಹಾಕಿ, ಹಳದಿ ದಾರವನ್ನು ಡ್ರಾಯರಿಗೆ ಸೇರಿಸಿ, ಮದುವೆ ಆಯಿತೆಂದು ತಿಳಿಸಿದರು. ಹನ್ನೊಂದು ಗಂಟೆ ಇಪ್ಪತ್ತಾರು ನಿಮಿಷ. ಸಮಯ ಹೇಳಿದ್ದು ಮದುಮಗ. ತಂಗಿ ನನ್ನನ್ನು ತಬ್ಬಿಕೊಂಡಳು, ಸಡಿಲವಾಗಿ ಅಲ್ಲ.

ಟೇಪು ಹಿಂತಿರುಗಿ ಬರಲಿಲ್ಲ. ಅದು ಈಗ ಆ ದೇಶದ ಸ್ವತ್ತು. ಗಾಜಿನ ಕಪಾಟಿನಲ್ಲಿ ಕಬ್ಬಿಣದ ಸಲಾಕೆಯ ಜಾಗದಲ್ಲಿದೆ. ನನಗೆ ರಸೀದಿ ಕೊಟ್ಟಿದ್ದಾರೆ: "ಟೇಪು ಒಂದು, ಬಳಸಿದ್ದು, ಬಣ್ಣ ಮಾಸಿದ್ದು. ಉದ್ದ: ಸದರಿ ಟೇಪಿನ ಪ್ರಕಾರವೇ ಅರವತ್ತು ಇಂಚು."

ಮುಂದಿನ ಜುಲೈ ಹದಿನೇಳು ಬಂತು. ಬೆಳಗ್ಗೆ ಏಳಕ್ಕೆ ಬಾಗಿಲ ಚೌಕಟ್ಟಿಗೆ ಕಾಲು ಕೊಟ್ಟು ನಿಂತೆ. ಕೈಯಲ್ಲಿ ಏನೂ ಇರಲಿಲ್ಲ. ಟೈಲರು ವಿಷಯ ತಿಳಿದು ತನ್ನ ಟೇಪು ಕೊಡಲು ಬಂದ. "ಬೇಡಪ್ಪ, ಅದು ಕುಗ್ಗಿದ್ದು" ಎಂದೆ. "ಹೌದಮ್ಮಾ, ನನಗೂ ಮೊದಲಿಂದ ಅನುಮಾನ ಇತ್ತು" ಎಂದ. ಅಷ್ಟರಲ್ಲಿ ಅಂಚೆಯವರು ಪರದೇಶದ ಲಕೋಟೆ ತಂದರು. ಅಳತೆ ಅಧಿಕಾರಿಯ ಮುದ್ರೆ: ಸದರಿ ಟೇಪನ್ನು ಈ ದಿನ ಕಪಾಟಿನಲ್ಲಿ ಪರಿಶೀಲಿಸಲಾಗಿ ಸುಸ್ಥಿತಿಯಲ್ಲಿದ್ದು, ತತ್ಸಂಬಂಧವಾಗಿ ತಮ್ಮ ಸುತ್ತಳತೆ ಮೂವತ್ತನಾಲ್ಕು ಎಂದು ಪ್ರಮಾಣೀಕರಿಸಲಾಗಿದೆ. ಕೆಳಗೆ ತಂಗಿಯ ಕೈಬರಹ: "ನಾವಿಬ್ಬರೂ ಚೆನ್ನಾಗಿದ್ದೇವೆ. ಬಸ್ಸಲ್ಲಿ ಮೂವರು ಕೂರೋದು ಅಭ್ಯಾಸ ಆಗಿದೆ." ಪುಸ್ತಕದಲ್ಲಿ ನಲವತ್ತಮೂರನೇ ಸಲ ಮೂವತ್ತನಾಲ್ಕು ಎಂದು ಬರೆದು ಕಾಫಿ ಕುಡಿದೆ. ಪತ್ರ ಪ್ರತಿ ವರ್ಷ ಬರುವುದಾಗಿ ತಿಳಿಸಿದ್ದಾರೆ.

ಒಟ್ಟು ತಗುಲಿದ್ದು: ಕಂದು ಕೋಟಿಗೆ ಅಲ್ಲಿನ ಹಣದಲ್ಲಿ ಎಂಬತ್ತಾರು, ಅದರ ಚೀಟಿಯ ಕೂಲಿ ಎರಡು. ಅಳತೆ ಕಚೇರಿಯ ಅರ್ಜಿಗೆ ಹದಿನೈದು. ಲಿಫ್ಟಿನಲ್ಲಿ ನಲವತ್ತು ನಿಮಿಷ. ಸೂಟ್‌ಕೇಸು ಇನ್ನೂ ಬಂದಿಲ್ಲ. ಟೇಪು, ಒಂದು.